ಬಂದವರು ಹದಿನಾಲ್ಕು, ಹೋದವರು ಹತ್ತು: ಒಂದು ರ‍್ಯಾಪ್-ಮೆಟಲ್ ಬ್ಯಾಂಡ್ ಉಳಿಸಿಕೊಂಡ ನನ್ನ ಅನುಭವ

ಈ ವರ್ಷ ಜನವರಿಯಲ್ಲಿ ನಮ್ಮ ಬೇಸಿಸ್ಟ್, ಅಂದರೆ ಬೇಸ್ ಗಿಟಾರ್ ನುಡಿಸುವವನು, ಬ್ಯಾಂಡ್ ಬಿಟ್ಟ. ಬಿಟ್ಟು ಹೋದ ಬೇಸಿಸ್ಟ್‌ಗಳಲ್ಲಿ ಮೂರನೆಯವನು. ಮಂಗಳವಾರ ರಾತ್ರಿ ಮೆಸೇಜ್ ಹಾಕಿದ. ಭಾನುವಾರ ನಮ್ಮ ಪ್ರಾಕ್ಟೀಸ್ ಇತ್ತು. ಆ ಪ್ರಾಕ್ಟೀಸ್ ನಡೆಯಿತು. ಅದೇ ಹೊತ್ತಿಗೆ, ಅದೇ ಏಳು ಹಾಡು, ಒಂದೂ ಬಿಡಲಿಲ್ಲ. ಹತ್ತು ವರ್ಷದ ಹಿಂದೆ ಹೀಗಾಗಿದ್ದರೆ ಆರು ತಿಂಗಳು ನಮ್ಮ ಬಾಗಿಲು ಮುಚ್ಚಿರುತ್ತಿತ್ತು.

ಭಾರವಾದ ಗಿಟಾರ್ ಮೇಲೆ ರ‍್ಯಾಪ್ ಹೇಳುವ ನಮ್ಮ ಈ ಬ್ಯಾಂಡ್ ಶುರುವಾಗಿದ್ದು 2011ರ ಡಿಸೆಂಬರ್‌ನಲ್ಲಿ. ಗಿಟಾರ್ ನುಡಿಸುವ ನನ್ನನ್ನು ಬಿಟ್ಟು ಇಲ್ಲಿವರೆಗೆ ಬಂದವರು ಹದಿನಾಲ್ಕು ಜನ. ನಾಲ್ವರು ಡ್ರಮ್ಮರ್‌ಗಳು, ನಾಲ್ವರು ಬೇಸಿಸ್ಟ್‌ಗಳು, ಮೂವರು ರ‍್ಯಾಪರ್‌ಗಳು, ಕಿರುಚಿ ಹಾಡುವವರು ಮೂವರು. ಈಗ ಇರುವವರು ನಾಲ್ವರು. "ಇಷ್ಟು ಸಲ ಜನ ಬದಲಾದ ಮೇಲೆ ಅದು ಅದೇ ಬ್ಯಾಂಡ್ ಹೇಗಾಗುತ್ತೆ?" ಅಂತ ಕೇಳಿದವರು ಬಹಳ. ಬೆಂಗಳೂರಿನ ಮೆಟಲ್ ವಲಯದಲ್ಲಿ ನನಗಿಂತ ಹಿರಿಯರು ಇಬ್ಬರು ಮುಖಕ್ಕೇ ಹೇಳಿದ್ದರು, ಬೇರೆ ಹೆಸರಿಟ್ಟು ಹೊಸದಾಗಿ ಶುರು ಮಾಡು ಅಂತ. ನಾನು ಕೇಳಲಿಲ್ಲ. ಕೇಳದೇ ಇದ್ದದ್ದು ಒಳ್ಳೆಯದಾಯಿತು. ಹೇಗೆ ಅಂತ ಬರೆದಿಡಬೇಕು ಅನ್ನಿಸಿತು. ಬ್ಯಾಂಡ್ ಮಾಡಿ ಕೈಸುಟ್ಟುಕೊಂಡವರಿಗೆ ಇದರಲ್ಲಿ ಹೊಸದಾಗಿ ವಿವರಿಸುವುದು ಜಾಸ್ತಿ ಬೇಕಾಗುವುದಿಲ್ಲ.

ಶುರು ಎಲ್ಲರದೂ ಒಂದೇ ತರ. 2011ರ ಅಕ್ಟೋಬರ್ 30ರಂದು ಬೆಂಗಳೂರಿನ ಅರಮನೆ ಮೈದಾನಕ್ಕೆ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಬಂದಿತ್ತು. ಅಲ್ಲಿಂದ ಮನೆಗೆ ಬರುವ ದಾರಿಯಲ್ಲೇ ಮೂವರು ಸೇರಿ ಬ್ಯಾಂಡ್ ಕಟ್ಟುವ ಮಾತಾಡಿದೆವು. ಎರಡು ತಿಂಗಳಿಗೆ ಐವರಾದೆವು. ಮೆಟಾಲಿಕಾ ನೋಡಿ ಶುರು ಮಾಡಿದರೂ ನಮಗೆ ಬೇಕಾಗಿದ್ದು ಬೇರೆ. ರೇಜ್ ಅಗೇನ್‌ಸ್ಟ್ ದ ಮಷಿನ್, ಲಿಂಪ್ ಬಿಜ್ಕಿಟ್, ಲಿಂಕಿನ್ ಪಾರ್ಕ್, ಇಂಥ ಬ್ಯಾಂಡ್‌ಗಳ ಸದ್ದು. ಮಾತಿನ ಹೊಡೆತ ಬೇಕು, ಗಿಟಾರಿನ ಭಾರವೂ ಬೇಕು. ಆಗ ನಮ್ಮ ಊರಿನಲ್ಲಿ ಇದಕ್ಕೆ ಗೌರವ ಕಡಿಮೆ. ಮೆಟಲ್ ಹುಡುಗರು ಇದು ಮೆಟಲ್ ಅಲ್ಲ ಅನ್ನುತ್ತಿದ್ದರು. ರ‍್ಯಾಪ್ ಹುಡುಗರು ಇಷ್ಟು ಗದ್ದಲದಲ್ಲಿ ಮಾತು ಯಾರಿಗೆ ಕೇಳುತ್ತೆ ಅನ್ನುತ್ತಿದ್ದರು.

ಕಾಮಾಕ್ಷಿಪಾಳ್ಯದ ಹತ್ತಿರ ಒಂದು ಜ್ಯಾಮ್ ರೂಮ್, ಅಂದರೆ ಪ್ರಾಕ್ಟೀಸ್ ಮಾಡುವ ಬಾಡಿಗೆ ರೂಮ್. ಕೆಳಗೆ ಹಿಟ್ಟಿನ ಗಿರಣಿ, ಮೇಲೆ ನಾವು. ಗಂಟೆಗೆ 250 ರೂಪಾಯಿ. ಗಿರಣಿಯ ಮೋಟರ್ ಶುರುವಾದ ತಕ್ಷಣ ವೋಲ್ಟೇಜ್ ಬೀಳುತ್ತಿತ್ತು, ಟ್ಯೂಬ್‌ಲೈಟ್ ಮಿಣುಕುತ್ತಿತ್ತು, ಗಿಟಾರಿನ ಆಂಪ್ಲಿಫೈಯರ್ ಗುಂಯ್ ಅನ್ನುತ್ತಿತ್ತು. ಅರ್ತಿಂಗ್ ಸರಿ ಇರಲಿಲ್ಲ. ಗಿಟಾರ್ ತಂತಿ ಮುಟ್ಟಿಕೊಂಡೇ ಮೈಕ್‌ಗೆ ತುಟಿ ತಾಗಿಸಿದರೆ ಚುರ್ ಅಂತ ಶಾಕ್. ಎಸ್‌ಪಿ ರೋಡಿನಿಂದ ತಾಮ್ರದ ವೈರ್ ತಂದು ನಾವೇ ಅರ್ತಿಂಗ್ ಎಳೆದೆವು. ರಾಗಿಹಿಟ್ಟಿನ ಪುಡಿ ಕಿಟಕಿಯಿಂದ ಬಂದು ಡ್ರಮ್ಸ್‌ನ ಸಿಂಬಲ್ ತಟ್ಟೆಗಳ ಮೇಲೆ ತೆಳ್ಳಗೆ ಕೂರುತ್ತಿತ್ತು. ಮೊದಲ ಏಟಿಗೆ ಹೊಗೆಯ ಹಾಗೆ ಏಳುತ್ತಿತ್ತು. ಆ ರೂಮಿನಲ್ಲಿ ಎರಡೂವರೆ ವರ್ಷ ಕಳೆದಿದ್ದೇವೆ.

ಮೊದಲ ದೊಡ್ಡ ಸೋಲು 2014ರದ್ದು. ಎಂಟು ಹಾಡಿನ ಆಲ್ಬಂ ಮಾಡಲು ಹೊರಟೆವು. ಐವರೂ ಸೇರಿ ಹಾಕಿದ ದುಡ್ಡು ಸುಮಾರು 1 ಲಕ್ಷ 60 ಸಾವಿರ. ನನ್ನ ಪಾಲಿಗೆ ನಾನು ಬೈಕ್ ಮಾರಿದೆ. ಡ್ರಮ್ಸ್ ಮುಗಿಯಿತು, ಗಿಟಾರ್ ಮುಗಿಯಿತು, ಬೇಸ್ ಮುಗಿಯಿತು. ಅಷ್ಟರಲ್ಲಿ ರ‍್ಯಾಪರ್‌ಗೆ ಜರ್ಮನಿಯಲ್ಲಿ ಎಂಎಸ್ ಸೀಟು ಸಿಕ್ಕಿತು. ಅವನು ಅರ್ಧ ಹಾಡು ಹೇಳಿ ವಿಮಾನ ಹತ್ತಿದ. ಅದಾದ ತಿಂಗಳಿಗೆ ಕಿರುಚಿ ಹಾಡುವ ಸಿಂಗರ್ ಮನೆಯ ತಾಪತ್ರಯದಿಂದ ಬಿಟ್ಟ. ಸರಿ, ಬೇರೆಯವರನ್ನು ಕರೆತಂದು ಹಾಡಿಸೋಣ ಅಂದುಕೊಂಡೆವು. ಆಗಲೇ ನಿಜವಾದ ಕಷ್ಟ ಗೊತ್ತಾಗಿದ್ದು.

ನಾವು ಕ್ಲಿಕ್, ಅಂದರೆ ವೇಗ ತಪ್ಪದಿರಲು ಕಿವಿಗೆ ಹಾಕಿಕೊಳ್ಳುವ ಟಿಕ್ ಟಿಕ್ ಸದ್ದು, ಇಲ್ಲದೆ ರೆಕಾರ್ಡ್ ಮಾಡಿದ್ದೆವು. ಒಂದು ಹಾಡು 142 ಬಿಪಿಎಂನಲ್ಲಿ (ನಿಮಿಷಕ್ಕೆ 142 ಬೀಟ್) ಶುರುವಾಗಿ ಕೊನೆಯ ಬ್ರೇಕ್‌ಡೌನ್, ಅಂದರೆ ಹಾಡು ಭಾರವಾಗಿ ಬೀಳುವ ಭಾಗದ ಹೊತ್ತಿಗೆ 151 ಆಗಿತ್ತು. ಐದು ಜನ ಒಂದೇ ರೂಮಿನಲ್ಲಿ ಮುಖ ನೋಡಿಕೊಂಡು ನುಡಿಸುವಾಗ ಅದು ಗೊತ್ತೇ ಆಗುವುದಿಲ್ಲ, ಚೆನ್ನಾಗಿಯೂ ಕೇಳುತ್ತೆ. ಆದರೆ ಹೊರಗಿನಿಂದ ಬಂದ ಒಬ್ಬ ರ‍್ಯಾಪರ್ ಹೆಡ್‌ಫೋನ್ ಹಾಕಿಕೊಂಡು ಅದರ ಮೇಲೆ ಮಾತು ಕೂರಿಸಬೇಕು ಅಂದರೆ ಎಲ್ಲಿ ಉಸಿರು ತಗೊಳ್ಳಬೇಕು ಅಂತಲೇ ಸಿಗುವುದಿಲ್ಲ. ಮೂವರು ಪ್ರಯತ್ನಿಸಿದರು. ಒಬ್ಬರಿಗೂ ಆಗಲಿಲ್ಲ. ತುಂಡು ಮಾಡಿ ಜೋಡಿಸಲೂ ಆಗಲಿಲ್ಲ. ಆ ಎಂಟು ಹಾಡು ಇವತ್ತಿಗೂ ಒಂದು ಹಾರ್ಡ್ ಡಿಸ್ಕ್‌ನಲ್ಲಿವೆ. ದುಡ್ಡು ಹೋಯಿತು. ಅದಕ್ಕಿಂತ, ಆ ಹಾಡುಗಳು ಆ ಐದು ಜನರ ಜೊತೆಗೇ ಹೋಗಿಬಿಟ್ಟವು ಅನ್ನುವುದು ನನ್ನನ್ನು ತುಂಬ ಕಾಡಿತು. ಮೂರು ವರ್ಷದ ಕೆಲಸ. ಯಾರೋ ಒಬ್ಬರು ಊರು ಬಿಟ್ಟರೆ ಹಾಡು ಯಾಕೆ ಸಾಯಬೇಕು?

ಅವತ್ತಿನಿಂದ ಒಂದು ವಿಷಯ ಗಟ್ಟಿಯಾಗಿ ಹಿಡಿದುಕೊಂಡೆ. ಹಾಡು ಜನರ ತಲೆಯಲ್ಲಿ, ಕೈಯಲ್ಲಿ ಮಾತ್ರ ಇರಬಾರದು. ಹೊರಗೆ ಎಲ್ಲಾದರೂ ಇರಬೇಕು. ಯಾರು ಬಂದರೂ ಎತ್ತಿಕೊಳ್ಳುವ ಹಾಗೆ ಇರಬೇಕು.

ಹೇಳುವುದು ಸುಲಭ. ಮೊದಲ ಅಡ್ಡಿ ಡ್ರಮ್ಮರ್‌ನಿಂದಲೇ ಬಂತು. 2015ರಲ್ಲಿ ಬಂದ ಎರಡನೇ ಡ್ರಮ್ಮರ್ ಒಳ್ಳೆಯ ಕೈಯವನು. ಅವನ ಕಿವಿಗೆ ಕ್ಲಿಕ್ ಹಾಕಿದೆ. ಎರಡು ಹಾಡು ನುಡಿಸಿ ಇಯರ್‌ಫೋನ್ ಕಿತ್ತು ಮುಂದಿನ ಸ್ನೇರ್ ಡ್ರಮ್ ಮೇಲಿಟ್ಟ. "ಮಗಾ, ನನ್ ಕೈಲಿ ಇದ್ರ ಜೊತೆ ಆಗಲ್ಲ. ಮೆಟಲ್ ಅಂದ್ರೆ ಉಸಿರಾಡ್ಬೇಕು ಕಣೋ" ಅಂದ. ಅವನ ಮಾತು ಪೂರ್ತಿ ತಪ್ಪಲ್ಲ. ಆದರೆ ಉಸಿರಾಟ ಬೇಕಾದ ಜಾಗದಲ್ಲಿ ಕ್ಲಿಕ್ಕನ್ನೇ ನಿಧಾನ ಮಾಡಬಹುದು, ಹಾಡಿನ ಯಾವ ಜಾಗಕ್ಕೆ ಎಷ್ಟು ವೇಗ ಅಂತ ಗುರುತು ಹಾಕುವ ಟೆಂಪೋ ಮ್ಯಾಪ್ ಇರುವುದೇ ಅದಕ್ಕೆ. ಬ್ರೇಕ್‌ಡೌನ್‌ಗೆ ಮುಂಚೆ ನಾವು ನಾಲ್ಕು ಬಿಪಿಎಂ ಇಳಿಸುತ್ತೇವೆ, ಕೇಳುವವರ ಎದೆಗೆ ಅದು ತಾಗುತ್ತದೆ. ಅವನಿಗೆ ಹೇಳಿ ನೋಡಿದೆ. ಮೂರೇ ತಿಂಗಳಿಗೆ ಹೋದ. ಹೋಗುವಾಗ ಬ್ಯಾಂಡ್ ದುಡ್ಡಿನಲ್ಲಿ ಕೊಂಡ ಡಬಲ್ ಪೆಡಲ್ (ಎರಡೂ ಕಾಲಿನಿಂದ ಡ್ರಮ್ ಹೊಡೆಯುವ ಸಾಧನ) ಕೂಡ ಹೋಯಿತು. ಆಗ ಅದಕ್ಕೆ 18 ಸಾವಿರವೋ ಏನೋ ಕೊಟ್ಟಿದ್ದೆವು. ಯಾರದು ಅಂತ ಎಲ್ಲೂ ಬರೆದಿರಲಿಲ್ಲ, ಹಾಗಾಗಿ ಜಗಳ ಮಾಡಲೂ ಆಗಲಿಲ್ಲ.

ಅದೇ ವರ್ಷ ಎರಡನೇ ರ‍್ಯಾಪರ್ ಬಂದ. ಹುಬ್ಬಳ್ಳಿ ಹುಡುಗ. ಮೊದಲನೆಯವನು ಬರೆಯುತ್ತಿದ್ದುದೆಲ್ಲ ಇಂಗ್ಲಿಷಿನಲ್ಲಿ. ಇವನು ಕನ್ನಡ ಬಿಟ್ಟು ಬೇರೆ ಬರೆಯಲ್ಲ ಅಂದ. ಆಗ ಎಲ್ಲರೂ ಹೇಳಿದ್ದು ಒಂದೇ: ಕನ್ನಡದಲ್ಲಿ ಎಲ್ಲ ಪದವೂ ಸ್ವರದಲ್ಲಿ ಮುಗಿಯುತ್ತದೆ, ಅ-ಉ-ಇ ಅಂತ ಎಳೆಯುತ್ತದೆ, ರ‍್ಯಾಪ್-ಮೆಟಲ್‌ಗೆ ಬೇಕಾದ ಕಡಿತ ಸಿಗುವುದಿಲ್ಲ. ನನಗೂ ಅನುಮಾನ ಇತ್ತು. ನಾನು ಬೆಂಗಳೂರು ಕನ್ನಡದಲ್ಲಿ ಬರೆದುಕೊಟ್ಟ ಸಾಲನ್ನು ಅವನು ಒಂದು ಸಲ ಓದಿ ಹಾಳೆ ವಾಪಸ್ ಕೊಟ್ಟ. "ಲೇ, ಹಿಂಗ ಮೆತ್ತಗ ಅಂದ್ರ ಗಿಟಾರ್ ನಿನ್ನ ನುಂಗತೈತಿ" ಅಂದ. ಅವನ ಕನ್ನಡದಲ್ಲಿ ಪದದ ಕೊನೆ ತಾನಾಗಿ ಬೀಳುತ್ತಿತ್ತು. 'ಮಾಡಾಕತ್ತೀನಿ' ಅಂದರೆ ಮಧ್ಯದಲ್ಲೇ ಒಂದು 'ಕತ್' ಇದೆ, ಅಲ್ಲಿಗೆ ಕಿಕ್ (ಕಾಲಿನಿಂದ ಹೊಡೆಯುವ ದೊಡ್ಡ ಡ್ರಮ್) ಇಟ್ಟರೆ ಮುಗಿಯಿತು. ಒತ್ತಕ್ಷರ ಎಲ್ಲಿದೆಯೋ ಅಲ್ಲಿ ಪಾಮ್ ಮ್ಯೂಟ್, ಅಂದರೆ ಅಂಗೈ ತಂತಿಗೆ ಒತ್ತಿ ಹೊಡೆಯುವ ಗಿಟಾರ್ ಏಟು. ಕಟ್ಟು, ಬಿಟ್ಟು, ಸುಟ್ಟು, ಹೊಕ್ಕು. ಪದದ ಹೊಟ್ಟೆಯಲ್ಲೇ ಏಟು ಕೂತಿದೆ. ಕೊನೆಯಲ್ಲಿ ಹುಡುಕುತ್ತಿದ್ದುದೇ ನಮ್ಮ ತಪ್ಪು. ಇದು ಗೊತ್ತಾದ ಮೇಲೆ ನನ್ನ ರಿಫ್‌ಗಳೂ, ಅಂದರೆ ಗಿಟಾರಿನಲ್ಲಿ ಮತ್ತೆ ಮತ್ತೆ ಬರುವ ತುಣುಕುಗಳೂ, ಬದಲಾದವು. ಅವನು 2017ರ ಕೊನೆಗೆ ಬ್ಯಾಂಕ್ ನೌಕರಿ ಸಿಕ್ಕು ಕಲಬುರಗಿಗೆ ಹೋದ. ಆದರೆ ಆ ಪಾಠ ನಮ್ಮಲ್ಲೇ ಉಳಿಯಿತು.

ಎರಡನೇ ಪಾಠ ನನ್ನ ಅಪ್ಪನಿಂದ ಬಂತು. ಅಪ್ಪ ಹಾಸನದ ಕಡೆ ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರಾಗಿದ್ದವರು, ರಿಟೈರಾಗಿ ನಮ್ಮ ಜೊತೆ ಇದ್ದರು. 2016ರಲ್ಲಿ ನಾನು 7/8ರಲ್ಲಿ, ಅಂದರೆ ಒಂದು ಬಾರ್‌ಗೆ (ತಾಳದ ಒಂದು ಸುತ್ತಿಗೆ) ಏಳು ಎಣಿಕೆ ಬರುವ ಹಾಗೆ, ಒಂದು ರಿಫ್ ಕಟ್ಟಿದ್ದೆ. ಡ್ರಾಪ್ ಸಿ ಟ್ಯೂನಿಂಗ್ (ತಂತಿಗಳನ್ನು ಕೆಳಗಿನ ಸ್ವರಕ್ಕೆ ಇಳಿಸುವುದು), 180 ಬಿಪಿಎಂ. ರ‍್ಯಾಪರ್‌ಗೆ ಅದರ ಮೇಲೆ ನಿಲ್ಲಲು ಆಗುತ್ತಿರಲಿಲ್ಲ. ನಾಲ್ಕಕ್ಕೆ ಹೊಂದಿಕೊಂಡ ಬಾಯಿ ಏಳರ ಮೇಲೆ ಪ್ರತಿ ಸಲ ಒಂದು ಹೆಜ್ಜೆ ಮುಂದೆ ಬೀಳುತ್ತಿತ್ತು. ಎರಡು ತಿಂಗಳು ಒದ್ದಾಡಿದೆವು. ಒಂದು ರಾತ್ರಿ ಊಟಕ್ಕೆ ಕೂತಾಗ ಅದೇ ಗುಂಗಿನಲ್ಲಿ ತಟ್ಟೆಯ ಅಂಚಿಗೆ ಬೆರಳಿನಿಂದ ಬಡಿಯುತ್ತಿದ್ದೆ. ಅಪ್ಪ ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿಸಿಕೊಂಡರು. "ಏನೋ ಅದು, ಮೂರು ನಾಲ್ಕು ಮೂರು ನಾಲ್ಕು ಹೊಡೀತಿದ್ದೀಯ? ಭಾಮಿನಿ ಅಲ್ವೇನೋ?" ಅಂದರು.

ಭಾಮಿನಿ ಷಟ್ಪದಿ ಎಲ್ಲರೂ ಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದೇವೆ. ಕುಮಾರವ್ಯಾಸ ಬರೆದದ್ದು ಅದರಲ್ಲೇ. ಒಂದು, ಎರಡು, ನಾಲ್ಕು, ಐದನೇ ಸಾಲಿಗೆ 3-4-3-4, ಒಟ್ಟು 14 ಮಾತ್ರೆ. ಮೂರು ಮತ್ತು ಆರನೇ ಸಾಲಿಗೆ 3-4-3-4-3-4, ಕೊನೆಗೊಂದು ಗುರು, ಒಟ್ಟು 23. ಒಂದು ಮಾತ್ರೆಗೆ ಒಂದು ಎಣಿಕೆ ಅಂತಿಟ್ಟರೆ ಒಂದು ಸಣ್ಣ ಸಾಲು ನನ್ನ ರಿಫ್‌ನ ಎರಡು ಬಾರ್. ದೊಡ್ಡ ಸಾಲು ಮೂರು ಬಾರ್ ತುಂಬಿ ನಾಲ್ಕನೇ ಬಾರ್‌ಗೆ ಎರಡು ಮಾತ್ರೆ ಕಾಲಿಡುತ್ತದೆ. ಮಿಕ್ಕ ಐದು ಖಾಲಿ. ಆ ಐದು ಗಿಟಾರಿಗೆ. ಕೂಡಿಸಿ ನೋಡಿ: 2, 2, 4, 2, 2, 4. ಹದಿನಾರು ಬಾರ್. ರ‍್ಯಾಪ್‌ನಲ್ಲಿ ಒಂದು ವರ್ಸ್ ಅಂದರೆ ಎಷ್ಟು ಅಂತ ಗೊತ್ತಲ್ಲ, ಅದೇ ಹದಿನಾರು! ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಪ್ಪ ಕೂಡ ಹನ್ನೆರಡರ ತನಕ ಎದ್ದಿದ್ದು ತಟ್ಟೆ ಬಡಿದು ಬಡಿದು ತೋರಿಸಿದರು.

ಮೊದಲು ಕೂರಿಸಿದ ಸಾಲು ಇದು:

ಕಟ್ಟೆ ಮೇಲ್ಗಡೆ ಕುಳಿತ ಹುಡುಗರು
ಬಿಟ್ಟ ಕೆಲಸವ ಮರೆತು ಬಂದರು
ಕೊಟ್ಟ ಮಾತನು ತಂತಿ ಮೇಲೆಯೆ ಇಟ್ಟು ಹೊರಟರು ಕೇಳ್

ಬ್ಯಾಂಡ್ ಬಿಟ್ಟು ಹೋದವರ ಮೇಲೇ ಬರೆದದ್ದು. ಸಾಲಿನ ಎರಡನೇ ಅಕ್ಷರ ಎಲ್ಲ ಕಡೆ 'ಟ್ಟ'. ಹಳೆಯ ಆದಿಪ್ರಾಸ. ರ‍್ಯಾಪ್‌ನಲ್ಲಿ ಪ್ರಾಸ ಸಾಲಿನ ಕೊನೆಗೆ ಬರುತ್ತದೆ, ಇಲ್ಲಿ ಶುರುವಿಗೇ ಬಂತು. ಬಾರ್‌ನ ಮೊದಲ ಏಟಿಗೇ 'ಕಟ್', 'ಬಿಟ್', 'ಕೊಟ್' ಅಂತ ಗುರು ಬೀಳುತ್ತದೆ, ಅದರ ಕೆಳಗೆ ಕಿಕ್ಕು, ಬೇಸು, ಗಿಟಾರು ಮೂರೂ. 'ಕೇಳ್' ಆದಮೇಲೆ ಆ ಐದು ಮಾತ್ರೆ ಬರೀ ಗಿಟಾರ್. 180 ಬಿಪಿಎಂನಲ್ಲಿ ಬೀಟಿಗೆ ಎರಡರಂತೆ ಸೆಕೆಂಡಿಗೆ ಆರು ಮಾತ್ರೆ ಬರುತ್ತದೆ, ಬಾಯಿಗೆ ಹಿತವಾದ ವೇಗ. ಮಾರನೇ ಭಾನುವಾರ ಹುಬ್ಬಳ್ಳಿ ಹುಡುಗ ಅರ್ಧ ಗಂಟೆಯಲ್ಲಿ ಹಿಡಿದ. ಎರಡು ತಿಂಗಳು ಆಗದೇ ಇದ್ದದ್ದು ಅರ್ಧ ಗಂಟೆಗೆ ಆಯಿತು. ಕನ್ನಡದಲ್ಲಿ 7/8 ರ‍್ಯಾಪ್ ಆಗಲ್ಲ ಅಂದವರಿಗೆ ನಾನು ಮೊದಲು ಕೇಳಿಸುವುದು ಈ ಹಾಡನ್ನೇ.

ಇದರಿಂದ ಇನ್ನೊಂದು ಲಾಭ ಆಯಿತು, ಅದು ಆಮೇಲೆ ತಿಳಿದದ್ದು. ಮಾತ್ರೆ ಲೆಕ್ಕದಲ್ಲಿ ಬರೆದ ಸಾಲನ್ನು ಪುಸ್ತಕದಲ್ಲಿ ಇಡಬಹುದು. ಫ್ಲೋ, ಅಂದರೆ ಮಾತು ಲಯದ ಮೇಲೆ ಕೂರುವ ರೀತಿ, ಅನ್ನುವುದು ಅಲ್ಲಿವರೆಗೆ ಹಾಡಿದವನ ಬಾಯಲ್ಲಿ ಮಾತ್ರ ಇರುತ್ತಿತ್ತು, ಅವನು ಹೋದರೆ ಅದೂ ಹೋಗುತ್ತಿತ್ತು. ಈಗ ಲಘು-ಗುರು ಗುರುತು ಹಾಕಿ, ಉಸಿರಿನ ಜಾಗಕ್ಕೆ ಒಂದು ಗೀಟು ಎಳೆದು ಬರೆದರೆ ಮುಂದಿನವರು ಓದಿಯೇ ಹೇಳಬಹುದು. ಕಾಲೇಜ್ ಅಂಗಡಿಯ 200 ಪುಟದ ಲಾಂಗ್ ನೋಟ್‌ಬುಕ್ ಒಂದು ತಂದೆ. ಈಗ ಮೂರನೇ ಪುಸ್ತಕ ನಡೆಯುತ್ತಿದೆ. ಎಡಪುಟದಲ್ಲಿ ಮಾತ್ರೆ ಹಾಕಿದ ಸಾಹಿತ್ಯ, ಬಲಪುಟದಲ್ಲಿ ಬಾರ್ ಲೆಕ್ಕ, ಟ್ಯೂನಿಂಗ್, ಪೆಡಲ್ ಸೆಟ್ಟಿಂಗ್. ಅಡಿಯಲ್ಲಿ ಬರೆದವರ ಹೆಸರು, ಯಾರ ಪಾಲು ಎಷ್ಟು, ಎಲ್ಲರ ಸಹಿ. ಹಾಡು ಬರೆದವರಿಗೆ ರಾಯಲ್ಟಿ ಕೊಡಿಸುವ ಸಂಸ್ಥೆ ಐಪಿಆರ್‌ಎಸ್‌ನಲ್ಲಿ ಹಾಡು ನೋಂದಾಯಿಸುವಾಗ ಪಾಲು ಹೇಳಲೇಬೇಕು. ಐದು ವರ್ಷ ಆದಮೇಲೆ ಜ್ಞಾಪಿಸಿಕೊಂಡು ಹೇಳುವುದಕ್ಕಿಂತ ಹಾಡು ಮುಗಿದ ದಿನವೇ ಬರೆಯುವುದು ಒಳ್ಳೆಯದು. ಬಿಟ್ಟು ಹೋದವರ ಪಾಲು ಅವರದೇ. ಜರ್ಮನಿಗೆ ಹೋದ ಹುಡುಗನ ಒಂದು ಹುಕ್ (ಹಾಡಿನಲ್ಲಿ ಮತ್ತೆ ಮತ್ತೆ ಬರುವ ಸಾಲು) ಇವತ್ತಿಗೂ ನಮ್ಮ ಸೆಟ್‌ನಲ್ಲಿದೆ, ಅದರ ಪಾಲು ಅವನಿಗೆ ಹೋಗುತ್ತದೆ. ಸಣ್ಣ ದುಡ್ಡು. ಆದರೂ ಕಳಿಸುತ್ತೇನೆ.

ಕಂಪ್ಯೂಟರ್ ಕಡೆಯ ಕೆಲಸ ನಿಮಗೆಲ್ಲ ಗೊತ್ತಿರುವುದೇ. ರೀಪರ್ ಅನ್ನುವ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿಕೊಂಡೆ, ಸಣ್ಣ ಲೈಸೆನ್ಸ್ 60 ಡಾಲರ್. ಗಿಟಾರ್, ಮೈಕ್ ಕಂಪ್ಯೂಟರಿಗೆ ಜೋಡಿಸುವ ಎರಡು ಇನ್‌ಪುಟ್ ಇಂಟರ್‌ಫೇಸ್ ಸೆಕೆಂಡ್ ಹ್ಯಾಂಡ್ 7 ಸಾವಿರಕ್ಕೆ ಸಿಕ್ಕಿತು. ಪ್ರತಿ ಹಾಡಿಗೂ ಒಂದು ಪ್ರಾಜೆಕ್ಟ್, ಅದರಲ್ಲಿ ಟೆಂಪೋ ಮ್ಯಾಪ್, ಎಲ್ಲ ವಾದ್ಯವೂ ಬೇರೆ ಬೇರೆ. ಪ್ರತಿಯೊಬ್ಬರಿಗೂ ಎರಡು ಫೈಲ್. ಒಂದರಲ್ಲಿ ಅವರ ವಾದ್ಯ ಮಾತ್ರ, ಇನ್ನೊಂದರಲ್ಲಿ ಅವರನ್ನು ಬಿಟ್ಟು ಮಿಕ್ಕ ಎಲ್ಲ. ಗಿಗ್‌ನಲ್ಲಿ, ಅಂದರೆ ಶೋನಲ್ಲಿ, ಎಡ ಚಾನೆಲ್ ಕ್ಲಿಕ್, ಬಲ ಚಾನೆಲ್ ಟ್ರ್ಯಾಕ್, ಹಳೆಯ ಫೋನ್ ಸಾಕು. ಫೋನ್ ಏರೋಪ್ಲೇನ್ ಮೋಡ್‌ಗೆ ಹಾಕುವುದು ಮರೆಯಬೇಡಿ. ನಾವು ಒಮ್ಮೆ ಮರೆತು ಹಾಡಿನ ಬ್ರಿಡ್ಜ್ ಭಾಗದ ಮಧ್ಯೆ ರಿಂಗ್‌ಟೋನ್ ವೇದಿಕೆಯ ದೊಡ್ಡ ಸ್ಪೀಕರ್‌ಗಳಲ್ಲೆಲ್ಲ ಹೋಗಿತ್ತು. ಬ್ರೇಕ್‌ಡೌನ್ ಬರುವ ಮುಂಚಿನ ಎರಡು ಬಾರ್‌ನಲ್ಲಿ ಡ್ರಮ್ಮರ್ ಕಿವಿಗೆ ನಾವು ಕ್ಲಿಕ್ ಬದಲು ಬೇರೊಂದು ಕಳಿಸುತ್ತೇವೆ. ಹೊಸ ಡ್ರಮ್ಮರ್ ಕೂಡ ಅಲ್ಲಿ ತಪ್ಪುವುದಿಲ್ಲ. ಅದೇನು ಅನ್ನುವುದು ಸದ್ಯಕ್ಕೆ ನಮ್ಮಲ್ಲೇ ಇರಲಿ.

ಈ ಮಧ್ಯೆ ತಮಟೆ ಸೇರಿಸುವ ಪ್ರಯೋಗವನ್ನೂ ಮಾಡಿದೆ. ಒಂದು ವರ್ಷ ಅದಕ್ಕೇ ಹೋಯಿತು. ತಮಟೆಯ ಚರ್ಮವನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತಾರೆ. ಪಬ್ಬಿನಲ್ಲಿ ಬೆಂಕಿ ಹಚ್ಚಲು ಯಾರು ಬಿಡುತ್ತಾರೆ? ಹೇರ್ ಡ್ರೈಯರ್‌ನಲ್ಲಿ ಕಾಯಿಸಿದೆವು. ನಡೆಯುತ್ತದೆ, ಆದರೆ ಎಸಿ ರೂಮಿನಲ್ಲಿ ಎರಡು ಹಾಡಿಗೆ ಮತ್ತೆ ಸಡಿಲ. ಜೊತೆಗೆ ತಮಟೆಯ ಚಟಚಟ ಮತ್ತು ಸ್ನೇರ್‌ನ ಏಟು ಒಂದೇ ಜಾಗದಲ್ಲಿ ಕೂತು ಎರಡೂ ಮಂಕಾಗುತ್ತಿದ್ದವು. ಕೊನೆಗೆ ಸ್ನೇರ್ ನಿಲ್ಲಿಸಿ, ತಮಟೆಯೇ ಸ್ನೇರ್ ಆಗುವ ಹಾಗೆ ಒಂದು ಹಾಡು ಮಾಡಿದೆವು. ಅದು ಚೆನ್ನಾಗಿ ಬಂದಿದೆ. ದೆಹಲಿಯ ಮೆಟಲ್ ಬ್ಯಾಂಡ್ ಬ್ಲಡಿವುಡ್ ಢೋಲ್ ಇಟ್ಟುಕೊಂಡು ಮಾಡುವುದನ್ನು ಕೇಳಿದ ಮೇಲೆ ನನಗೆ ಧೈರ್ಯ ಬಂದದ್ದು ನಿಜ. ಶುರುವಿನಲ್ಲಿ ಅವರದೂ ನಮ್ಮ ತರದ್ದೇ ಸ್ವಂತ ದುಡ್ಡಿನ ಬ್ಯಾಂಡ್. 2016ರಲ್ಲಿ ಕರಣ್ ಕಟಿಯಾರ್ ಮತ್ತು ಜಯಂತ್ ಭಡೂಲಾ ಇಬ್ಬರೇ ಶುರು ಮಾಡಿದರು. ರ‍್ಯಾಪರ್ ರೌಲ್ ಕೆರ್ ಆಮೇಲೆ ಸೇರಿದ. 2019ಕ್ಕೆ ಜರ್ಮನಿಯ ವಾಕನ್ ಮೆಟಲ್ ಉತ್ಸವದ ವೇದಿಕೆ ಹತ್ತಿದರು. ಹಾಡು ಮೊದಲು ರೂಮಿನಲ್ಲಿ, ಕಂಪ್ಯೂಟರಿನಲ್ಲಿ ಪೂರ್ತಿ ತಯಾರಾಗಿತ್ತು, ವೇದಿಕೆಗೆ ಬೇಕಾದ ಜನ ಆಮೇಲೆ ಬಂದರು. ನಾನು ಹೇಳುತ್ತಿರುವುದೂ ಅದನ್ನೇ.

ಜನ ಬದಲಾದರೆ ಬ್ಯಾಂಡ್ ಅಲ್ಲ ಅನ್ನುವವರಿಗೆ ನಾನು ಲಿಂಕಿನ್ ಪಾರ್ಕ್ ತೋರಿಸುತ್ತೇನೆ. ಚೆಸ್ಟರ್ ಬೆನಿಂಗ್ಟನ್ ಅವರ ಮೊದಲ ಸಿಂಗರ್ ಅಲ್ಲ. ಅವನಿಗಿಂತ ಮುಂಚೆ ಮಾರ್ಕ್ ವೇಕ್‌ಫೀಲ್ಡ್ ಇದ್ದ. ಚೆಸ್ಟರ್ ಬಂದದ್ದು 1999ರಲ್ಲಿ, ಮುಂದಿನ ವರ್ಷವೇ ಅವರ ಮೊದಲ ಆಲ್ಬಂ. 2017ರ ಜುಲೈ 20ಕ್ಕೆ ಚೆಸ್ಟರ್ ತೀರಿಕೊಂಡ. ನಮಗೆ ಇಲ್ಲಿ ಗೊತ್ತಾದಾಗ ರಾತ್ರಿ ಆಗಿತ್ತು. ಐವರೂ ಜ್ಯಾಮ್ ರೂಮ್‌ಗೆ ಹೋದೆವು, ಯಾರೂ ಕರೆದಿರಲಿಲ್ಲ. ಏನೂ ನುಡಿಸದೆ ವಾಪಸ್ ಬಂದೆವು. ಏಳು ವರ್ಷದ ನಂತರ, 2024ರ ಸೆಪ್ಟೆಂಬರ್‌ನಲ್ಲಿ, ಎಮಿಲಿ ಆರ್ಮ್‌ಸ್ಟ್ರಾಂಗ್ ಜೊತೆ ಆ ಬ್ಯಾಂಡ್ ಮತ್ತೆ ನಿಂತಿತು. ಡ್ರಮ್ಮರ್ ಕೂಡ ಹೊಸಬ. ರೇಜ್ ಅಗೇನ್‌ಸ್ಟ್ ದ ಮಷಿನ್ ಇದಕ್ಕೆ ಪೂರಾ ಉಲ್ಟಾ. 1991ರಲ್ಲಿ ಶುರುವಾದಾಗಿನಿಂದ ಅದೇ ನಾಲ್ವರು. ಒಬ್ಬನಿಗೆ ಆಗದಿದ್ದರೆ ಎಲ್ಲರೂ ನಿಲ್ಲುತ್ತಿದ್ದರು. ಅವರ ಸಿಂಗರ್ ಜ್ಯಾಕ್ ಡಿ ಲಾ ರೋಚಾ ಕಾಲಿಗೆ ಪೆಟ್ಟಾಗಿ 2022ರ ಪ್ರವಾಸ ಅರ್ಧಕ್ಕೇ ನಿಂತುಹೋಯಿತು. ಅದೂ ಒಂದು ದಾರಿ, ನನಗೆ ಅದರ ಮೇಲೆ ಗೌರವ ಇದೆ. ಆದರೆ ಆಫೀಸು, ಮದುವೆ, ವೀಸಾ, ಟ್ರಾನ್ಸ್‌ಫರ್ ಇರುವ ನಮ್ಮಂಥವರಿಗೆ ಆ ದಾರಿ ಆಗುವುದಿಲ್ಲ.

ದುಡ್ಡಿನ ವಿಷಯ. ಮೊದಮೊದಲು ಸಿಕ್ಕಿದ್ದನ್ನು ಅಲ್ಲೇ ಹಂಚಿಕೊಳ್ಳುತ್ತಿದ್ದೆವು. 3 ಸಾವಿರ ಸಿಕ್ಕರೆ ತಲೆಗೆ 600. ಅದು ಬಿರಿಯಾನಿಗೂ ಆಟೋಗೂ ಆಗುತ್ತಿತ್ತು, ತಂತಿ ಹರಿದರೆ ನನ್ನ ಜೇಬು. 2018ರಿಂದ ಪದ್ಧತಿ ಬದಲಿಸಿದೆ. ಬಂದದ್ದರಲ್ಲಿ ನೂರಕ್ಕೆ 40 ಭಾಗ ಬ್ಯಾಂಡ್ ಹುಂಡಿಗೆ, ಮಿಕ್ಕದ್ದು ಸಮಪಾಲು. ಹುಂಡಿಯಿಂದ ಕೊಂಡ ಸಾಮಾನು ಹುಂಡಿಯದು, ಪುಸ್ತಕದ ಕೊನೆಯ ಪುಟದಲ್ಲಿ ಪಟ್ಟಿ ಇದೆ. ಇದಕ್ಕೂ ವಿರೋಧ ಬಂತು, ಸಂಘದ ಚೀಟಿ ಆಯ್ತಲ್ಲ ಇದು ಅಂದರು. ಆದರೆ ಸಿಂಗರ್ ಗಂಟಲು ಕೆಟ್ಟಾಗ ಕೈಹಿಡಿದದ್ದು ಅದೇ ಹುಂಡಿ. ಎರಡನೇ ಸಿಂಗರ್ ವಾರ್ಮ್-ಅಪ್ ಮಾಡದೆ ಗಂಟಲಿನಿಂದಲೇ ಕಿರುಚುತ್ತಿದ್ದ. 2019ಕ್ಕೆ ವೋಕಲ್ ಕಾರ್ಡ್ (ಧ್ವನಿತಂತು) ಮೇಲೆ ಗಂಟು ಬಂತು. ಡಾಕ್ಟರ್ ತಿಂಗಳುಗಟ್ಟಲೆ ಮಾತೇ ಕಡಿಮೆ ಮಾಡಿ ಅಂದರು. ಅವನ ಖರ್ಚಿನಲ್ಲಿ 22 ಸಾವಿರದಷ್ಟು ಹುಂಡಿಯಿಂದ ಕೊಟ್ಟೆವು. ಅವನು ಹಾಡಲು ಮತ್ತೆ ಬರಲಿಲ್ಲ, ಆದರೆ ಇವತ್ತಿಗೂ ಗಿಗ್‌ಗೆ ಬಂದು ಕೇಬಲ್ ಸುತ್ತಿಕೊಡುತ್ತಾನೆ. ಅವನಿಗೆ ಆದದ್ದು ನೋಡಿ ಈಗಿನ ಸಿಂಗರ್ ದಿನಾ ಇಪ್ಪತ್ತು ನಿಮಿಷ ವಾರ್ಮ್-ಅಪ್ ಮಾಡುತ್ತಾನೆ. ನಾನೇ ಕೂರಿಸುತ್ತೇನೆ.

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಗೊತ್ತಿದ್ದ ಎಷ್ಟೋ ಬ್ಯಾಂಡ್ ಮುಚ್ಚಿದವು. ನಮ್ಮ ಬೇಸಿಸ್ಟ್ ಕೂಡ ಊರಿಗೆ ಹೋದವನು ಅಲ್ಲೇ ಉಳಿದ. ಶಿವಮೊಗ್ಗದ ಒಬ್ಬ ಹುಡುಗ ಫೈಲ್ ತರಿಸಿಕೊಂಡು ಬೇಸ್ ನುಡಿಸಿ ಕಳಿಸಿದ. ಅವನನ್ನು ನಾವು ಕಣ್ಣಾರೆ ನೋಡಿದ್ದು ಹದಿನಾಲ್ಕು ತಿಂಗಳ ನಂತರ. ಅಷ್ಟರಲ್ಲಿ ಮೂರು ಸಿಂಗಲ್ (ಒಂದೊಂದಾಗಿ ಬಿಡುವ ಹಾಡು) ಬಿಟ್ಟಾಗಿತ್ತು. ಒಂದೊಂದಕ್ಕೆ ಮಿಕ್ಸ್, ಮಾಸ್ಟರ್ ಸೇರಿ 12-13 ಸಾವಿರ. ಸ್ಟ್ರೀಮಿಂಗ್‌ನಿಂದ ಮೊದಲ ವರ್ಷ ಬಂದದ್ದು 2,300 ರೂಪಾಯಿ ಇರಬೇಕು. ಅದನ್ನು ನಂಬಿ ಬ್ಯಾಂಡ್ ನಡೆಯುವುದಿಲ್ಲ. ಹಾಡು ಹೊರಗಿದ್ದರೆ ಕಾಲೇಜಿನವರು ಕೇಳಿ ಕರೆಯುತ್ತಾರೆ, ದುಡ್ಡು ಅಲ್ಲಿಂದ ಬರುತ್ತದೆ.

ನಿಜವಾದ ಪರೀಕ್ಷೆ 2023ರಲ್ಲಿ ಆಯಿತು. ತುಮಕೂರು ಕಡೆಯ ಒಂದು ಕಾಲೇಜ್ ಫೆಸ್ಟ್, 45 ಸಾವಿರ ಮಾತಾಗಿತ್ತು, ನಮಗೆ ಅಲ್ಲಿವರೆಗಿನ ದೊಡ್ಡ ದುಡ್ಡು. ಹನ್ನೊಂದು ದಿನ ಮುಂಚೆ ಮೂರನೇ ಡ್ರಮ್ಮರ್‌ಗೆ ಪುಣೆಯಲ್ಲಿ ಕೆಲಸ ಸಿಕ್ಕಿ ತಕ್ಷಣ ಸೇರಬೇಕಾಯಿತು. ಏಳು ವರ್ಷ ನಮ್ಮ ಜೊತೆ ಇದ್ದವನು. ಅಳುತ್ತಲೇ ಫೋನ್ ಮಾಡಿದ. ನಾನು ಒಬ್ಬ ಹಿರಿಯ ಡ್ರಮ್ಮರ್‌ರನ್ನು ಕೇಳಿದೆ. ಅವರು ಸೆಟ್ ಕೇಳಿ, "ಇದನ್ನ ಕಲಿಯೋಕೆ ಮೂರು ತಿಂಗಳು ಬೇಕಪ್ಪಾ, ಶೋ ಕ್ಯಾನ್ಸಲ್ ಮಾಡು" ಅಂದರು.

ಕ್ಯಾನ್ಸಲ್ ಮಾಡಲಿಲ್ಲ. ನಾಗರಬಾವಿಯ ಒಬ್ಬ ಹುಡುಗ, ಇಪ್ಪತ್ತೊಂದು ವರ್ಷ, ಪ್ರಾಕ್ಟೀಸ್ ಪ್ಯಾಡ್ ಮೇಲೆ ಡ್ರಮ್ಸ್ ಅಭ್ಯಾಸ ಮಾಡುತ್ತಿದ್ದವನು. ಅವನಿಗೆ ಏಳು ಹಾಡಿನ ಫೈಲ್, ಪುಸ್ತಕದ ಪುಟಗಳ ಫೋಟೋ ಕಳಿಸಿದೆ. ಮೊದಲ ದಿನ ಅವನು ಕೇಳಿದ್ದು ಒಂದೇ ಪ್ರಶ್ನೆ: "ಅಣ್ಣಾ, ಈ 3-4 ಅಂದ್ರೇನು?" ಫೋನಿನಲ್ಲೇ ಬಾಯಲ್ಲಿ 'ತಕಿಟ ತಕಧಿಮಿ' ಹೇಳಿಕೊಟ್ಟೆ. ಒಂಬತ್ತು ದಿನ ಮನೆಯಲ್ಲಿ, ನಡುವೆ ಎರಡೇ ಪ್ರಾಕ್ಟೀಸ್ ಎಲ್ಲರ ಜೊತೆ. ಫೆಸ್ಟ್ ದಿನ ಮೂರನೇ ಹಾಡಿನಲ್ಲಿ ಒಂದು ಫಿಲ್ (ಒಂದು ಭಾಗದಿಂದ ಇನ್ನೊಂದಕ್ಕೆ ಹೋಗುವಾಗಿನ ಡ್ರಮ್ ತುಣುಕು) ಬಿಟ್ಟ. ಕ್ಲಿಕ್ ಇತ್ತು, ಮುಂದಿನ ಬಾರ್‌ಗೆ ಸರಿಯಾಗಿ ಬಂದು ಸೇರಿದ. ಅದು ನಮ್ಮ ಐವರಿಗೆ ಬಿಟ್ಟು ಬೇರೆ ಯಾರಿಗೂ ಗೊತ್ತಾಗಿಲ್ಲ. 'ಕಟ್ಟೆ' ಹಾಡಿಗೆ ಮುಂದಿನ ಸಾಲಿನ ಹುಡುಗರು ಏಳರ ಲೆಕ್ಕಕ್ಕೇ ತಲೆ ಆಡಿಸುತ್ತಿದ್ದರು. ಕೋಲಾರದಿಂದ 2018ರಲ್ಲಿ ಬಂದ ನಮ್ಮ ರ‍್ಯಾಪರ್ ಹುಡುಗಿ 'ಕೇಳ್' ಅಂದು ಮೈಕ್ ಕೆಳಗಿಳಿಸಿದಾಗ ಆ ಐದು ಮಾತ್ರೆಯ ಗಿಟಾರು ಇಡೀ ಮೈದಾನಕ್ಕೆ ಬಿತ್ತು. ಆ ಸಾಲನ್ನು ಮೊದಲು ಹೇಳಿದವನು ಹುಬ್ಬಳ್ಳಿಯವನು, ಈಗ ಹೇಳುತ್ತಿರುವವಳು ಕೋಲಾರದವಳು. ಒಂದು ಮಾತ್ರೆಯೂ ಆಚೀಚೆ ಆಗಿಲ್ಲ.

45ರಲ್ಲಿ 18 ಸಾವಿರ ಹುಂಡಿಗೆ ಹೋಯಿತು, ತಲೆಗೆ 5,400 ಬಂತು. ಶೋ ಕ್ಯಾನ್ಸಲ್ ಮಾಡು ಅಂದಿದ್ದ ಆ ಹಿರಿಯ ಡ್ರಮ್ಮರ್ ವಿಡಿಯೋ ನೋಡಿ ಫೋನ್ ಮಾಡಿದರು. ಅವರ ಬ್ಯಾಂಡ್‌ಗೂ ಈ ತರ ಫೈಲ್ ಮಾಡಿಕೊಡ್ತೀಯಾ ಅಂದರು. ಎರಡು ಭಾನುವಾರ ಕೂತು ಮಾಡಿಕೊಟ್ಟೆ.

ಹೊಸ ಬೇಸಿಸ್ಟ್ ಒಬ್ಬ ಸಿಕ್ಕಿದ್ದಾನೆ, ನಾಲ್ಕನೆಯವನು, ಮಂಡ್ಯದವನು. ಮೊನ್ನೆ ಮೊದಲ ಟೇಕ್ ಕಳಿಸಿದ. ಕೈ ಚೆನ್ನಾಗಿದೆ, ತಂತಿ ಮಾತ್ರ ತೆಳ್ಳಗಿದೆ, ಡ್ರಾಪ್ ಸಿಗೆ ಇಳಿಸಿದರೆ ಜೋತಾಡುತ್ತೆ. ದಪ್ಪ ಸೆಟ್ ಹುಂಡಿಯಿಂದ ತರಿಸಿದ್ದೇನೆ. ದೊಡ್ಡ ಸಾಲಿನ ನಾಲ್ಕನೇ ಬಾರ್‌ನಲ್ಲಿ ಅವನು ಐದರ ಬದಲು ಆರು ಹೊಡೆದಿದ್ದಾನೆ. ಭಾನುವಾರ ಬೆಳಿಗ್ಗೆ ಮನೆಗೆ ಬಾ ಅಂದಿದ್ದೇನೆ, ಅಪ್ಪನ ಹತ್ತಿರ ಕೂರಿಸಬೇಕು.